ವೈಮಾನಿಕ ಶಾಸ್ತ್ರದ ಕರ್ತೃತ್ವ: ಯಂತ್ರವಿದ್ಯೆಯ ಸಾಕ್ಷ್ಯ

ಕೃತಿಯೊಂದರ ಕರ್ತೃ ಯಾರು, ಅದು ಹುಟ್ಟಿದ ಕಾಲ ಯಾವುದು ಎಂಬ ಪ್ರಶ್ನೆಗಳು ಕೇವಲ ಪಂಡಿತರ ಕುತೂಹಲಕ್ಕೆ ಸೇರಿದವುಗಳಲ್ಲ. ಆಡಿದ ಮಾತಿಗೆ ಆಡಿದವನು ಹೊಣೆ ಎಂಬ ನೀತಿಯಲ್ಲಿಯೇ ಅವುಗಳ ಬೇರಿದೆ. ಶರಣರು ತಮ್ಮ ವಚನಗಳ ಕೊನೆಯಲ್ಲಿ ಅಂಕಿತವನ್ನಿರಿಸಿದರು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮಪ್ರಭುದೇವರಿಗೆ ಗುಹೇಶ್ವರ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ. ಅಂಬಿಗರ ಚೌಡಯ್ಯನಾದರೋ ತನ್ನ ಹೆಸರನ್ನೇ ಅಂಕಿತವನ್ನಾಗಿ ಮಾಡಿಕೊಂಡನು. ಅಂಕಿತವೆಂಬುದು ಒಂದು ದೃಷ್ಟಿಯಿಂದ ದೈವಕ್ಕೆ ಮಾಡಿದ ಅರ್ಪಣೆ. ಇನ್ನೊಂದು ದೃಷ್ಟಿಯಿಂದ ಈ ನುಡಿಗೆ ಉತ್ತರ ಹೇಳುವವರು ಯಾರೆಂಬುದರ ಗುರುತು.

ಆದರೆ ಅಂಕಿತ ಮಾತ್ರದಿಂದಲೇ ಕರ್ತೃತ್ವ ನಿಶ್ಚಯವಾಗುವುದಿಲ್ಲ. ಒಂದೇ ವಚನ ಒಂದು ಓಲೆಗರಿಯ ಕಟ್ಟಿನಲ್ಲಿ ಒಬ್ಬರ ಅಂಕಿತದಿಂದಲೂ ಇನ್ನೊಂದರಲ್ಲಿ ಮತ್ತೊಬ್ಬರ ಅಂಕಿತದಿಂದಲೂ ದೊರೆಯುವುದುಂಟು. ಹಿಂದಿನವರ ಅಂಕಿತವನ್ನು ಬಳಸಿ ರಚಿಸಿದ ಈಚಿನವರೂ ಉಂಟು. ಆದ್ದರಿಂದ ವಚನಗಳ ಸಂಪಾದಕರು ಪ್ರತಿಗಳ ಪ್ರಾಚೀನತೆ, ಭಾಷೆಯ ರೂಪ, ಪಾರಿಭಾಷಿಕ ಪದಗಳ ಬಳಕೆ, ವಚನದಲ್ಲಿ ಹೆಸರಿಸಲ್ಪಟ್ಟ ವಸ್ತುಗಳು, ಈ ಎಲ್ಲವನ್ನೂ ಒರೆಗೆ ಹಚ್ಚುತ್ತಾರೆ. ೧೨ನೆಯ ಶತಮಾನದ್ದೆಂದು ಹೇಳುವ ಬರೆಹದಲ್ಲಿ ಹೊಗೆಸೊಪ್ಪಿನ ಮಾತು ಬಂದರೆ ಅದರ ಕಾಲವನ್ನು ಶಂಕಿಸಲೇಬೇಕು. ಏಕೆಂದರೆ ಹೊಗೆಸೊಪ್ಪು ಈ ನಾಡಿಗೆ ಬಂದದ್ದು ಪೋರ್ಚುಗೀಸರ ತರುವಾಯ. ಹೀಗೆ ಭಾಷಾಸಾಕ್ಷ್ಯ, ವಸ್ತುಸಾಕ್ಷ್ಯ ಎಂಬ ಎರಡು ಕಣ್ಣುಗಳು ಸಂಶೋಧಕನಿಗೆ ಬೇಕು.

ಈ ಎರಡಕ್ಕೂ ಕೊಪ್ಪಳದ ನೆಲದಲ್ಲಿಯೇ ನಿದರ್ಶನಗಳು ದೊರೆಯುತ್ತವೆ. ಕೊಪಣ ನಗರವನ್ನು ತಿರುಳ್ಗನ್ನಡದ ಸೀಮೆಯ ಊರುಗಳಲ್ಲಿ ಒಂದೆಂದು ಹೆಸರಿಸಿದ ೯ನೆಯ ಶತಮಾನದ 'ಕವಿರಾಜಮಾರ್ಗ'ವು ೧೮೯೮ರಲ್ಲಿ ಕೆ. ಬಿ. ಪಾಠಕರ ಸಂಪಾದನೆಯಲ್ಲಿ ಅಚ್ಚಾಯಿತು. ಅದು ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನ ಕೃತಿಯೋ, ಅವನ ಆಸ್ಥಾನದ ಶ್ರೀವಿಜಯನದೋ ಎಂಬ ಚರ್ಚೆ ದಶಕಗಳವರೆಗೆ ನಡೆದು, ಗ್ರಂಥದ ಒಳಗಿನ ಮಾತುಗಳನ್ನೇ ಆಧರಿಸಿ ಬಹುಮಟ್ಟಿನ ವಿದ್ವಾಂಸರು ಶ್ರೀವಿಜಯನ ಪಕ್ಷಕ್ಕೆ ಒಲಿದರು. ಇದರಿಂದ ಚಕ್ರವರ್ತಿಯ ಕೀರ್ತಿಗೆ ಕುಂದೇನೂ ಬರಲಿಲ್ಲ. ಕವಿಯೊಬ್ಬನಿಗೆ ಸಲ್ಲಬೇಕಾದದ್ದು ಸಂದಿತು. ಇದು ಭಾಷಾಸಾಕ್ಷ್ಯದ ನಿದರ್ಶನ.

ವಸ್ತುಸಾಕ್ಷ್ಯಕ್ಕೆ ಕೊಪ್ಪಳದಿಂದ ಮುನಿರಾಬಾದಿಗೆ ಬರಬೇಕು. ೧೯೪೫ರಲ್ಲಿ ಶಂಕುಸ್ಥಾಪನೆಗೊಂಡು ೧೯೫೩ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟು ಈ ಊರಿಗೂ ಹೊಸಪೇಟೆಗೂ ನಡುವೆ ನಿಂತಿದೆ. ಅದರ ನೆತ್ತಿಯ ಮೇಲೆ ನಿರ್ಮಿಸಿದ ೩೩ ಬಾಗಿಲುಗಳು ತಲಾ ೬೦ ಅಡಿ ಅಗಲ, ೨೦ ಅಡಿ ಎತ್ತರದವು. ಮೇಲಂಚಿನವರೆಗೆ ನೀರು ನಿಂತರೆ ಇಂತಹ ಒಂದು ಬಾಗಿಲಿನ ಮೇಲೆ ಬೀಳುವ ಒತ್ತಡ ಸುಮಾರು ೩೪೦ ಟನ್ನು. ನೀರಿನ ಆಳವೂ ಬಾಗಿಲಿನ ಅಳತೆಯೂ ತಿಳಿದಿದ್ದರೆ ಈ ಲೆಕ್ಕವನ್ನು ಯಾವ ಇಂಜಿನಿಯರಿಂಗ್ ವಿದ್ಯಾರ್ಥಿಯಾದರೂ ಮಾಡಬಲ್ಲನು. ೨೦೨೪ರ ಆಗಸ್ಟ್ ೧೦ರ ರಾತ್ರಿ ೧೯ನೆಯ ಬಾಗಿಲಿನ ಸರಪಳಿ ತುಂಡಾಗಿ ಬಾಗಿಲು ಕೊಚ್ಚಿಹೋಯಿತು. ಒಂದು ವಾರದೊಳಗೆ, ಹರಿಯುವ ನೀರಿನಲ್ಲಿಯೇ, ತಡೆಹಲಗೆಗಳನ್ನು ಇಳಿಸಿ ಆ ಕಂಡಿಯನ್ನು ಮುಚ್ಚಲಾಯಿತು. ತುಂಡಾದಾಗಲೂ ಮುಚ್ಚಿದಾಗಲೂ ನೀರು ಯಾರ ಹೆಸರನ್ನೂ ಕೇಳಲಿಲ್ಲ. ಯಂತ್ರದ ಸ್ವಭಾವವೇ ಹೀಗೆ. ಅದನ್ನು ರೂಪಿಸಿದವನು ಋಷಿಯೇ ಆಗಲಿ, ಕಮ್ಮಾರನೇ ಆಗಲಿ, ಭಾರ, ಒತ್ತಡ, ಚಲನೆಗಳ ನಿಯಮ ಒಂದೇ. ಆದ್ದರಿಂದ ಯಂತ್ರವನ್ನು ವರ್ಣಿಸುವ ಗ್ರಂಥವೊಂದು ಸಾಮಾನ್ಯ ಕಾವ್ಯಕ್ಕಿಲ್ಲದ ಮತ್ತೊಂದು ಪರೀಕ್ಷೆಗೆ ತನ್ನನ್ನು ಒಡ್ಡಿಕೊಳ್ಳುತ್ತದೆ.

ಇಂತಹ ಪರೀಕ್ಷೆ ಕನ್ನಡ ನಾಡಿನಲ್ಲಿಯೇ ಒಮ್ಮೆ ನಡೆಯಿತು. ಪರೀಕ್ಷೆಗೆ ಒಳಗಾದ ಗ್ರಂಥ 'ವೈಮಾನಿಕ ಶಾಸ್ತ್ರ'. ಪರೀಕ್ಷಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈಮಾನಿಕ ಹಾಗೂ ಯಾಂತ್ರಿಕ ಇಂಜಿನಿಯರಿಂಗ್ ವಿಭಾಗಗಳ ಐವರು ವಿದ್ವಾಂಸರು.

ಗ್ರಂಥದ ಇತಿವೃತ್ತ ಹೀಗಿದೆ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ೧೯೧೮ರಿಂದ ೧೯೨೩ರ ಅವಧಿಯಲ್ಲಿ ಸಂಸ್ಕೃತ ಶ್ಲೋಕಗಳನ್ನು ಬಾಯಿಂದ ಹೇಳುತ್ತ ಹೋದರು, ಜಿ. ವೆಂಕಟಾಚಲ ಶರ್ಮರು ಬರೆದುಕೊಂಡರು. ಇದು ಮಹರ್ಷಿ ಭರದ್ವಾಜಪ್ರಣೀತವೆಂದೂ, ಶಾಸ್ತ್ರಿಗಳಿಗೆ ಅನುಗ್ರಹದಿಂದ ಸ್ಫುರಿಸಿತೆಂದೂ ಪ್ರತೀತಿ. ವಿಮಾನಗಳ ಚಿತ್ರಗಳನ್ನು ೧೯೨೩ರಲ್ಲಿ ಬರೆದುಕೊಟ್ಟವರು ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ನಕ್ಷೆಗಾರರಾಗಿದ್ದ ಟಿ. ಕೆ. ಎಲ್ಲಪ್ಪನವರು. ಮೈಸೂರಿನ ಜಿ. ಆರ್. ಜೋಯ್ಸರ್ ಅವರು ೧೯೫೨ರಲ್ಲಿ ಈ ಹಸ್ತಪ್ರತಿಯ ಸುದ್ದಿಯನ್ನು ಲೋಕಕ್ಕೆ ತಿಳಿಸಿದರು. ೧೯೫೯ರಲ್ಲಿ ಹಿಂದಿ ಆವೃತ್ತಿಯೂ, ೧೯೭೩ರಲ್ಲಿ ಜೋಯ್ಸರರದೇ ಇಂಗ್ಲಿಷ್ ಅನುವಾದಸಹಿತ ಆವೃತ್ತಿಯೂ ಪ್ರಕಟವಾದವು. ಗ್ರಂಥದಲ್ಲಿ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ವರ್ಣನೆಯಿದೆ.

ಮರುವರ್ಷವೇ, ಎಂದರೆ ೧೯೭೪ರಲ್ಲಿ, ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು, ಎಸ್. ಪಿ. ಗೋವಿಂದರಾಜು ಎಂಬ ಐವರು ತಮ್ಮ ವಿಮರ್ಶಾತ್ಮಕ ಅಧ್ಯಯನವನ್ನು ಪ್ರಕಟಿಸಿದರು. ಅವರು ಇಂಜಿನಿಯರುಗಳಾಗಿದ್ದರೂ ಮೊದಲು ಕೈಹಾಕಿದ್ದು ಯಂತ್ರಕ್ಕಲ್ಲ, ಕರ್ತೃತ್ವ ಮತ್ತು ಕಾಲದ ಪ್ರಶ್ನೆಗೆ ಎಂಬುದು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ. ಗ್ರಂಥ ಯಾರಿಂದ ಯಾರಿಗೆ ಬಂತು, ಯಾವಾಗ ಲಿಖಿತವಾಯಿತು ಎಂಬ ಪರಂಪರೆಯನ್ನು ಅವರು ವಿಚಾರಿಸಿದರು. ಭಾಷೆಯನ್ನು ಪರಿಶೀಲಿಸಿದರು. ಶ್ಲೋಕಗಳು ಬಹುಪಾಲು ಅನುಷ್ಟುಪ್ ಛಂದಸ್ಸಿನವು. ಅವುಗಳ ಸಂಸ್ಕೃತ ಸರಳವಾದುದು, ಈಚಿನದು. ವೈದಿಕ ಭಾಷೆಯ ಲಕ್ಷಣ ಅಲ್ಲಿಲ್ಲ. ಈ ಎಲ್ಲ ಆಧಾರಗಳಿಂದ ಕೃತಿ ೧೯೦೪ಕ್ಕಿಂತ ಹಿಂದಿನದಾಗಿರಲಾರದು ಎಂಬ ನಿರ್ಣಯಕ್ಕೆ ಅವರು ಬಂದರು.

ಅನಂತರ ಯಂತ್ರದ ಸಾಕ್ಷ್ಯ. ಹಾರುವ ವಸ್ತುವಿಗೆ ಅದರ ಭಾರವನ್ನು ಹೊರುವಷ್ಟು ಮೇಲೆತ್ತುವ ಬಲ ಬೇಕು, ಗಾಳಿಯ ತಡೆಯನ್ನು ಗೆಲ್ಲುವಷ್ಟು ಮುನ್ನೂಕುವ ಬಲ ಬೇಕು, ಬಾಗಿದಾಗ ತಾನೇ ಸರಿದೂಗಿಸಿಕೊಳ್ಳುವ ಸ್ಥಿರತೆ ಬೇಕು. ಗ್ರಂಥದ ನಾಲ್ಕು ವಿಮಾನಗಳನ್ನೂ ಅವರು ಈ ನಿಯಮಗಳ ಮುಂದೆ ನಿಲ್ಲಿಸಿ ನೋಡಿದರು. ಯಾವುದೂ ಹಾರಲಾರದು, ಅವುಗಳ ಆಕಾರ ಹಾರಾಟಕ್ಕೆ ಒಗ್ಗುವಂತಹುದಲ್ಲ, ಮುನ್ನೂಕಲೆಂದು ಹೇಳಿದ ಏರ್ಪಾಡು ಹಾರಾಟಕ್ಕೆ ನೆರವಾಗುವ ಬದಲು ಅಡ್ಡಿಯಾದೀತು ಎಂದು ಕಂಡುಬಂತು. ಪಠ್ಯಕ್ಕೂ ಚಿತ್ರಗಳಿಗೂ ಹೊಂದಿಕೆಯಿಲ್ಲವೆಂಬುದೂ, ಚಿತ್ರಗಳಲ್ಲಿ ಆಧುನಿಕ ಯಂತ್ರಗಳ ಪರಿಚಯ ಎದ್ದು ಕಾಣುತ್ತದೆಂಬುದೂ ಅವರ ಗಮನಕ್ಕೆ ಬಂತು. ಇಂಜಿನಿಯರಿಂಗ್ ಕಾಲೇಜಿನ ನಕ್ಷೆಗಾರನ ಕೈ ಅಲ್ಲಿ ತನ್ನ ಅಂಕಿತವನ್ನು ಇಟ್ಟಿತ್ತು.

ಇಲ್ಲಿ ಒಂದು ವಿವೇಕ ಅಗತ್ಯ. ವಿಮಾನ ಹಾರದೆಂಬ ಮಾತ್ರಕ್ಕೆ ಗ್ರಂಥ ಹೊಸದೆಂದು ಸಿದ್ಧವಾಗುವುದಿಲ್ಲ. ಪ್ರಾಚೀನನೊಬ್ಬನೂ ಹಾರದ ಯಂತ್ರವನ್ನು ಕಲ್ಪಿಸಿರಬಹುದು. ೧೧ನೆಯ ಶತಮಾನದ ಭೋಜರಾಜನ 'ಸಮರಾಂಗಣ ಸೂತ್ರಧಾರ'ದಲ್ಲಿ ಹಾರುವ ಯಂತ್ರದ ವರ್ಣನೆ ಇದ್ದೇ ಇದೆ. ರಾಮಾಯಣದ ಪುಷ್ಪಕವನ್ನು ಯಾರು ತಾನೆ ಅರಿಯರು? ಗ್ರಂಥದ ಕಾಲವನ್ನು ನಿರ್ಣಯಿಸಿದ್ದು ಭಾಷೆ, ಪ್ರತಿಪರಂಪರೆ ಮತ್ತು ಚಿತ್ರಗಳ ಸಾಕ್ಷ್ಯ. ಗ್ರಂಥದ ಬೆಲೆಯನ್ನು ನಿರ್ಣಯಿಸಿದ್ದು ಯಂತ್ರವಿದ್ಯೆ. ಎರಡು ಸಾಕ್ಷ್ಯಗಳು ಬೇರೆ ಬೇರೆ ದಾರಿಯಿಂದ ಬಂದು ಒಂದೆಡೆ ಕೂಡಿದುದರಿಂದಲೇ ಆ ನಿರ್ಣಯಕ್ಕೆ ಬಲ ಬಂದಿತು.

ಈ ಮಾರ್ಗ ಹೊಸದೇನಲ್ಲ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನು ಪೋಪನಿಗೆ ರಾಜ್ಯವನ್ನೇ ದಾನವಿತ್ತನೆಂಬ ಪತ್ರವು ಕೃತಕವೆಂದು ಇಟಲಿಯ ಲೊರೆಂಜೊ ವಲ್ಲಾ ೧೪೪೦ರಲ್ಲಿ ತೋರಿಸಿಕೊಟ್ಟದ್ದು ಅದರ ಲ್ಯಾಟಿನ್ ಭಾಷೆಯ ಬಲದಿಂದ. ಅಮೆರಿಕದ ಭೌತವಿಜ್ಞಾನಿ ಮೆಂಡೆನ್‌ಹಾಲನು ೧೮೮೭ರಲ್ಲಿ ಪದಗಳಲ್ಲಿರುವ ಅಕ್ಷರಗಳನ್ನು ಎಣಿಸಿ, ಆ ಎಣಿಕೆಯಿಂದ ಲೇಖಕನ ಶೈಲಿಯನ್ನು ಗುರುತಿಸಬಹುದೇ ಎಂದು ಪರಿಶೀಲಿಸಿದನು. ಶಬ್ದವನ್ನು ಅಳೆಯುವವರೂ ಲೋಹವನ್ನು ಅಳೆಯುವವರೂ ಒಂದೇ ಪಂಕ್ತಿಯಲ್ಲಿ ಕುಳಿತ ಸಂದರ್ಭಗಳಿವು.

ಬೆಂಗಳೂರಿನ ವಿದ್ವಾಂಸರ ನಿರ್ಣಯವನ್ನು ಪರಂಪರೆಯ ನಿಂದೆಯೆಂದು ಬಗೆಯುವುದು ಸಲ್ಲದು. ಐವರಲ್ಲಿ ಒಬ್ಬರಾದ ನಾಗೇಂದ್ರ ಅವರು ಮುಂದೆ ತಮ್ಮ ಬಾಳನ್ನು ಯೋಗವಿದ್ಯೆಗೆ ಮುಡಿಪಾಗಿಟ್ಟು, ೨೦೧೬ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು. ಪರಂಪರೆಯಲ್ಲಿ ಗೌರವವುಳ್ಳವನಿಗೇ ಅದರ ಹೆಸರಿನಲ್ಲಿ ಬರುವ ಸಲ್ಲದ ಸರಕನ್ನು ಬೇರ್ಪಡಿಸುವ ಹೊಣೆ ಹೆಚ್ಚು. ಹಾಗಿದ್ದೂ ೨೦೧೫ರ ಜನವರಿಯಲ್ಲಿ ಮುಂಬಯಿಯಲ್ಲಿ ಸೇರಿದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಇದೇ ಗ್ರಂಥವನ್ನು ಆಧರಿಸಿ ಪ್ರಾಚೀನ ವಿಮಾನವಿದ್ಯೆಯ ಪ್ರತಿಪಾದನೆ ನಡೆಯಿತು. ಅನೇಕ ವಿಜ್ಞಾನಿಗಳು ಪ್ರತಿಭಟಿಸಿದರು. ನಾಲ್ಕು ದಶಕಗಳ ಹಿಂದೆ, ಇದೇ ದೇಶದ ವಿಜ್ಞಾನ ಸಂಸ್ಥೆಯೊಂದರಲ್ಲಿ ನಡೆದ ಪರಿಶೋಧನೆ ಓದುವವರಿಲ್ಲದೆ ಉಳಿದರೆ ಆಗುವ ಹಾನಿ ಇಂತಹುದು.

ಇನ್ನೊಂದು ಹಾನಿ ಇದಕ್ಕಿಂತ ಸೂಕ್ಷ್ಮವಾದುದು. ಸುಬ್ಬರಾಯ ಶಾಸ್ತ್ರಿಗಳನ್ನು ವಂಚಕರೆಂದು ಕರೆಯಲು ಕಾರಣವಿಲ್ಲ. ರೈಟ್ ಸಹೋದರರು ೧೯೦೩ರಲ್ಲಿ ಹಾರಿದ್ದರು. ೧೯೧೧ರಲ್ಲಿ ಅಲಹಾಬಾದಿನಿಂದ ನೈನಿಗೆ ವಿಮಾನ ಅಂಚೆಯನ್ನು ಹೊತ್ತೊಯ್ದಿತ್ತು. ಆ ಕಾಲದ ಸಂಸ್ಕೃತಜ್ಞನೊಬ್ಬನ ಮನಸ್ಸು ಈ ಹೊಸ ಸೋಜಿಗವನ್ನು ತನ್ನ ಹಳೆಯ ನುಡಿಯಲ್ಲಿ ಹಿಡಿದಿಡಲು ಹೆಣಗಿದ ದಾಖಲೆಯಾಗಿ ಈ ಗ್ರಂಥಕ್ಕೆ ಚರಿತ್ರೆಯಲ್ಲಿ ಸ್ಥಾನವಿದೆ. ಅದನ್ನು ಭರದ್ವಾಜರ ಹೆಸರಿಗೆ ಬರೆದುಬಿಟ್ಟರೆ ಋಷಿಗೆ ಹಾರದ ಯಂತ್ರದ ಅಪಕೀರ್ತಿ ಬರುತ್ತದೆ. ಆನೇಕಲ್ಲಿನ ಪಂಡಿತನ ಕಲ್ಪನೆಯೂ ನಕ್ಷೆಗಾರ ಎಲ್ಲಪ್ಪನವರ ಕಾಯಕವೂ ಹೆಸರಿಲ್ಲದೆ ಹೋಗುತ್ತವೆ. ಇಬ್ಬರಿಗೂ ಅನ್ಯಾಯ.

ಎಲ್ಲಪ್ಪನವರು ಆ ಚಿತ್ರಗಳನ್ನು ಬರೆದ ೧೯೨೩ರಲ್ಲಿಯೇ ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಮೊದಲ ಭಾಗ ಪ್ರಕಟವಾಯಿತೆಂಬುದು ಯೋಚಿಸತಕ್ಕ ಸಂಗತಿ. ಒಂದೆಡೆ ಹೊಸ ರಚನೆಯೊಂದು ಪ್ರಾಚೀನರ ಹೆಸರಿನಲ್ಲಿ ಮರೆಯಾಗುತ್ತಿತ್ತು. ಇನ್ನೊಂದೆಡೆ ಓಲೆಗರಿಗಳಲ್ಲಿ ಮರೆಯಾಗಿದ್ದ ಪ್ರಾಚೀನರು ತಮ್ಮ ತಮ್ಮ ಹೆಸರಿನಿಂದ ಹೊರಬರುತ್ತಿದ್ದರು. ಹಳಕಟ್ಟಿಯವರು ತೆರೆದ ದಾರಿಯಲ್ಲಿ ಅನೇಕರು ಪ್ರತಿಗಳನ್ನು ತಾಳೆನೋಡಿ, ಪ್ರಕ್ಷಿಪ್ತವನ್ನು ಬೇರ್ಪಡಿಸಿ ದುಡಿದುದರ ಫಲವಾಗಿ ೧೯೯೩ರಲ್ಲಿ ಕರ್ನಾಟಕ ಸರ್ಕಾರದಿಂದ ೧೫ ಸಂಪುಟಗಳ 'ಸಮಗ್ರ ವಚನ ಸಂಪುಟ' ಹೊರಬಂದಿತು. ಅಂಬಿಗ, ಮಡಿವಾಳ, ನುಲಿಯ, ಸೂಳೆ, ಕೊಟ್ಟಣದ ಹೆಣ್ಣುಮಗಳು, ಎಲ್ಲರೂ ಅಲ್ಲಿ ತಮ್ಮ ಅಂಕಿತದ ಒಡೆತನದೊಡನೆ ನಿಂತಿದ್ದಾರೆ. ಇವರೆಲ್ಲರ ವಚನಗಳನ್ನು ಒಬ್ಬ ಮಹಾಪುರುಷನ ಹೆಸರಿಗೆ ಸೇರಿಸಿದ್ದರೆ ಆತನ ಮಹಿಮೆ ಬೆಳೆಯುತ್ತಿರಲಿಲ್ಲ. ಅನುಭವ ಮಂಟಪವೇ ಬರಿದಾಗುತ್ತಿತ್ತು.

ಕರ್ತೃತ್ವದ ಪರಿಶೋಧನೆ ಶ್ರದ್ಧೆಗೆ ಶತ್ರುವಲ್ಲ. ಒಬ್ಬರ ನುಡಿಯನ್ನು ಇನ್ನೊಬ್ಬರ ತಲೆಗೆ ಕಟ್ಟದಿರುವುದು, ಒಬ್ಬರ ದುಡಿಮೆಯನ್ನು ಇನ್ನೊಬ್ಬರ ಹೆಸರಿಗೆ ಬರೆಯದಿರುವುದು ಕಾಯಕನಿಷ್ಠೆಯ ಒಂದು ಅಂಗವೇ ಆಗಿದೆ. ಅಂಕಿತವನ್ನು ಓದಬಲ್ಲವನು ಅಂಕಿತದ ಸತ್ಯಾಸತ್ಯವನ್ನೂ ವಿಚಾರಿಸಬಲ್ಲವನಾಗಬೇಕು. ಆ ವಿಚಾರಣೆಗೆ ವ್ಯಾಕರಣ ನೆರವಾಗುವಲ್ಲಿ ವ್ಯಾಕರಣವನ್ನೂ, ಯಂತ್ರವಿದ್ಯೆ ನೆರವಾಗುವಲ್ಲಿ ಯಂತ್ರವಿದ್ಯೆಯನ್ನೂ ಸಾಕ್ಷಿಗೆ ಕರೆಯಲು ಸಾಹಿತ್ಯದ ವಿದ್ಯಾರ್ಥಿ ಹಿಂಜರಿಯಬೇಕಾಗಿಲ್ಲ.