ಕಾಸರಗೋಡಿನ ಪ್ರೌಢಶಾಲೆಗಳಲ್ಲಿ ಕನ್ನಡದ ಆಯ್ಕೆ: ಒಂದು ಐತಿಹಾಸಿಕ ಅವಲೋಕನ

ಜೂನ್ ತಿಂಗಳು ಬಂತೆಂದರೆ ನಮ್ಮ ಊರುಗಳ ಶಾಲಾ ಜಗಲಿಗಳಲ್ಲಿ ಒದ್ದೆ ಕೊಡೆಗಳ ಸಾಲು ಕಾಣಿಸುತ್ತದೆ. ಮಕ್ಕಳನ್ನು ಕರೆತಂದ ತಾಯಿತಂದೆಯರು ಮುಖ್ಯೋಪಾಧ್ಯಾಯರ ಮೇಜಿನೆದುರು ನಿಂತು ಪ್ರವೇಶದ ಅರ್ಜಿಯನ್ನು ತುಂಬುತ್ತಾರೆ. ಹೆಸರು, ಮನೆತನ, ಹುಟ್ಟಿದ ದಿನ ಇವನ್ನು ಬರೆಯುವಾಗ ಯಾರಿಗೂ ಸಂದೇಹವಿಲ್ಲ. ಬೋಧನ ಮಾಧ್ಯಮ ಯಾವುದು, ಪ್ರಥಮ ಭಾಷೆ ಯಾವುದು ಎಂಬ ಎರಡು ಅಂಕಣಗಳ ಬಳಿ ಬಂದಾಗ ಮಾತ್ರ ಲೇಖನಿ ಕ್ಷಣಕಾಲ ತಡೆಯುತ್ತದೆ. ತಂದೆ ತಾಯಿಯ ಮುಖ ನೋಡುತ್ತಾನೆ; ತಾಯಿ ಮಗುವಿನ ಮುಖ ನೋಡುತ್ತಾಳೆ; ಮಗು ಹೊರಗೆ ಸುರಿಯುವ ಮಳೆಯನ್ನು ನೋಡುತ್ತಿರುತ್ತದೆ. ಆ ಒಂದು ಕ್ಷಣದ ತಡವರಿಕೆಯ ಹಿಂದೆ ಒಂದೂವರೆ ಶತಮಾನಕ್ಕೂ ಮಿಗಿಲಾದ ಚರಿತ್ರೆಯಿದೆ. ಅದನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದೆವು. ಹುಡುಗನ ಪ್ರಮಾಣಪತ್ರವನ್ನು ಜೋಪಾನವಾಗಿಡಬೇಕೆಂದು ಮನೆಯ ಹಿರಿಯರು ಹಳೆಯ ತಗಡಿನ ಪೆಟ್ಟಿಗೆಯೊಂದನ್ನು ತೆರೆದರು. ಅದರೊಳಗೆ ಮೂರು ತಲೆಮಾರುಗಳ ಎಸ್.ಎಸ್.ಎಲ್.ಸಿ. ದಾಖಲೆಗಳು ಒಟ್ಟಿಗಿದ್ದವು. ಅಜ್ಜನದು ಮದರಾಸು ಸರಕಾರದ ಕಾಲದ ಪುಸ್ತಕ; ತಂದೆಯದು ಕೇರಳದ ಅಂಕಗಳ ಪುಸ್ತಕ; ಹುಡುಗನದು ಶ್ರೇಣಿಗಳನ್ನು ಮುದ್ರಿಸಿದ ಒಂದೇ ಹಾಳೆ. ಮೂರರಲ್ಲಿಯೂ ಭಾಷೆಯ ಅಂಕಣದಲ್ಲಿ ಕನ್ನಡವೇ ಇತ್ತು. ಆ ಮನೆಯವರ ಮನೆಮಾತಾದರೋ ತುಳು. ನಮ್ಮ ಗಡಿನಾಡಿನ ವಿದ್ಯಾಭ್ಯಾಸದ ಕತೆಯೆಲ್ಲ ಆ ಪೆಟ್ಟಿಗೆಯಲ್ಲಿ ಅಡಗಿದೆಯೆಂದು ನಮಗೆ ಆಗ ತೋರಿತು.

ಮದರಾಸು ವಿಶ್ವವಿದ್ಯಾನಿಲಯವು ಸ್ಥಾಪಿತವಾದುದು ೧೮೫೭ರಲ್ಲಿ. ಕನ್ನಡ ಜಿಲ್ಲೆಯು ಒಡೆದು ೧೮೬೨ರಲ್ಲಿ ಉತ್ತರ ಭಾಗವು ಮುಂಬಯಿ ಪ್ರಾಂತಕ್ಕೆ ಸೇರಿದ ಬಳಿಕವೂ ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು; ಅದರ ದಕ್ಷಿಣದ ಅಂಚೇ ನಮ್ಮ ಕಾಸರಗೋಡು ತಾಲೂಕು. ಆ ಕಾಲದಲ್ಲಿ ಪ್ರೌಢಶಿಕ್ಷಣದ ಗುರಿಯೆಂದರೆ ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಶನ್ ಪರೀಕ್ಷೆಯೊಂದೇ. ಇಂಗ್ಲಿಷು ಎಲ್ಲರಿಗೂ ಕಡ್ಡಾಯ; ಅದರ ಜೊತೆಗೆ ಇನ್ನೊಂದು ಭಾಷೆಯನ್ನು ಆರಿಸಿಕೊಳ್ಳಬೇಕು. ಹೀಗೆ ‘ಆಯ್ಕೆಯ ಭಾಷೆ’ ಎಂಬ ಸ್ಥಾನವು ಕನ್ನಡಕ್ಕೆ ಮೊತ್ತಮೊದಲು ದೊರೆಯಿತು. ಅದು ಗೌರವದ ಸ್ಥಾನವೆನ್ನುವಂತಿರಲಿಲ್ಲ. ಆದರೂ ಕಾಲೂರಲು ಒಂದಿಷ್ಟು ನೆಲವಾಯಿತು. ಕಾಲೇಜಿಗೆ ಹೋಗಬೇಕೆಂದವರು ಮಂಗಳೂರನ್ನು ನೋಡುತ್ತಿದ್ದರು. ಅಲ್ಲಿ ಸಂತ ಎಲೋಶಿಯಸ್ ಕಾಲೇಜು ೧೮೮೦ರಲ್ಲಿ ಆರಂಭವಾಗಿತ್ತು.

ಮೆಟ್ರಿಕ್ಯುಲೇಶನ್ನಿನ ದೊಡ್ಡ ದೋಷವೆಂದರೆ ವರ್ಷಗಳ ಪರಿಶ್ರಮವನ್ನೆಲ್ಲ ಕೆಲವೇ ದಿನಗಳ ಪರೀಕ್ಷೆಯಿಂದ ಅಳೆಯುವುದು. ಇದಕ್ಕೆ ಪರಿಹಾರವೆಂದು ೧೯೧೦ರ ಸುಮಾರಿಗೆ ಮದರಾಸು ಸರಕಾರವು ಸೆಕೆಂಡರಿ ಸ್ಕೂಲ್ ಲೀವಿಂಗ್ ಸರ್ಟಿಫಿಕೇಟ್ ಎಂಬ ಹೊಸ ಪದ್ಧತಿಯನ್ನು ಜಾರಿಗೆ ತಂದಿತು. ಇಂದಿಗೂ ನಮ್ಮ ಮನೆಮಾತಿನಲ್ಲಿರುವ ಎಸ್.ಎಸ್.ಎಲ್.ಸಿ. ಎಂಬ ಹೆಸರು ಅಂದಿನದು. ಅಜ್ಜನ ಪೆಟ್ಟಿಗೆಯಲ್ಲಿ ನಾವು ಕಂಡ ಪುಸ್ತಕವು ಈ ಪದ್ಧತಿಯ ಫಲ. ಐದು ತರಗತಿಗಳು, ಅವುಗಳ ಮೇಲೆ ಆರು ಫಾರಂಗಳು, ಒಟ್ಟು ಹನ್ನೊಂದು ವರ್ಷಗಳ ಓದು. ಅದರಲ್ಲಿ ಕೊನೆಯ ಮೂರು ಫಾರಂಗಳು ಹೈಸ್ಕೂಲು. ಶಾಲೆಯಲ್ಲಿ ಗಳಿಸಿದ ಅಂಕಗಳನ್ನೂ ಸಾರ್ವಜನಿಕ ಪರೀಕ್ಷೆಯ ಅಂಕಗಳನ್ನೂ ಆ ಪುಸ್ತಕದಲ್ಲಿ ಬರೆಯುತ್ತಿದ್ದರು. ಇಂಗ್ಲಿಷು, ದೇಶಭಾಷೆ, ಪ್ರಾರಂಭಿಕ ಗಣಿತ ಇವು ಎಲ್ಲರಿಗೂ ಕಡ್ಡಾಯ. ಇವಲ್ಲದೆ ವಿದ್ಯಾರ್ಥಿಯು ತನ್ನ ಒಲವಿಗೂ ಮುಂದಿನ ಜೀವನೋಪಾಯಕ್ಕೂ ತಕ್ಕಂತೆ ಆರಿಸಿಕೊಳ್ಳಬಹುದಾದ ಐಚ್ಛಿಕ ವಿಷಯಗಳ ಗುಂಪೊಂದಿತ್ತು.

ಈ ಪದ್ಧತಿಯ ವಿಶೇಷವೊಂದನ್ನು ಇಲ್ಲಿ ಹೇಳಲೇಬೇಕು. ತೇರ್ಗಡೆ, ಅನುತ್ತೀರ್ಣ ಎಂಬ ಕಠೋರವಾದ ವಿಭಾಗವು ಅದರ ಮೂಲ ಉದ್ದೇಶವಾಗಿರಲಿಲ್ಲ. ಹೈಸ್ಕೂಲು ಮುಗಿಸಿದುದಕ್ಕೆ ಪುಸ್ತಕವೇ ಸಾಕ್ಷಿ. ಕಾಲೇಜಿಗೆ ಯಾರು ಅರ್ಹರೆಂಬುದನ್ನು ಮಾತ್ರ ಪ್ರತ್ಯೇಕವಾಗಿ ನಿರ್ಣಯಿಸುತ್ತಿದ್ದರು. ಜನರ ಬಾಯಲ್ಲಿ ಮಾತ್ರ ‘ಪಾಸು’ ‘ಫೇಲು’ಗಳು ನಿಂತೇಹೋದವು. ಶಾಸನವು ಒಂದು ನುಡಿದರೆ ಲೋಕವು ಇನ್ನೊಂದು ತಿಳಿಯುವುದು ಹೊಸದೇನೂ ಅಲ್ಲ.

ಅಂದಿನ ಕನ್ನಡದ ಸ್ಥಿತಿಯನ್ನೂ ಗಮನಿಸಬೇಕು. ಚರಿತ್ರೆ, ಗಣಿತ, ವಿಜ್ಞಾನಗಳೆಲ್ಲವನ್ನೂ ಇಂಗ್ಲಿಷಿನಲ್ಲಿಯೇ ಕಲಿಸುತ್ತಿದ್ದ ಕಾಲವದು. ಕನ್ನಡಕ್ಕೆ ಇದ್ದುದು ತನ್ನದೊಂದು ತಾಸು ಮಾತ್ರ. ಕನ್ನಡ ಪಂಡಿತರ ವೇತನವೂ ಮರ್ಯಾದೆಯೂ ಇತರ ಅಧ್ಯಾಪಕರಿಗಿಂತ ಕಡಮೆಯಾಗಿದ್ದವು. ೧೯೩೦ರ ದಶಕದ ಕೊನೆಯಿಂದ ಮಾತೃಭಾಷೆಯು ಹೈಸ್ಕೂಲಿನಲ್ಲಿ ಬೋಧನ ಮಾಧ್ಯಮವಾಗಿ ಹಂತಹಂತವಾಗಿ ಪ್ರವೇಶಿಸಿದಾಗ ಈ ಸ್ಥಿತಿ ಬದಲಾಗತೊಡಗಿತು. ಪ್ರಾಂತದ ಹಲವು ಶಾಲೆಗಳಲ್ಲಿ ೧೯೩೮ರಲ್ಲಿ ಹಿಂದಿಯನ್ನು ಕಡ್ಡಾಯಗೊಳಿಸಿ, ವಿರೋಧದ ಬಳಿಕ ೧೯೪೦ರಲ್ಲಿ ಹಿಂತೆಗೆದುಕೊಂಡ ಪ್ರಸಂಗವೂ ಇದೇ ಕಾಲದ್ದು. ಶಾಲೆಯಲ್ಲಿ ಯಾವ ಭಾಷೆಯನ್ನು ಯಾರು ಓದಬೇಕೆಂಬ ಪ್ರಶ್ನೆಯು ಅಂದಿನಿಂದಲೇ ಸರಕಾರಗಳನ್ನು ಅಲುಗಿಸುವಷ್ಟು ಬಲವುಳ್ಳದ್ದಾಗಿತ್ತು.

ಕಾಸರಗೋಡಿನ ಮಟ್ಟಿಗೆ ಇಲ್ಲೊಂದು ಮರೆಯಬಾರದ ಸಂಗತಿಯಿದೆ. ಕನ್ನಡವು ಇಲ್ಲಿ ಮನೆಮಾತು ಕನ್ನಡವಾದವರ ಸ್ವತ್ತು ಮಾತ್ರವಾಗಿರಲಿಲ್ಲ. ತುಳು, ಕೊಂಕಣಿ, ಮರಾಠಿ, ಮಲೆಯಾಳಗಳನ್ನು ಮನೆಯಲ್ಲಿ ಆಡುತ್ತಿದ್ದ ಕುಟುಂಬಗಳ ಮಕ್ಕಳೂ ಶಾಲೆಯಲ್ಲಿ ಕನ್ನಡವನ್ನೇ ಓದಿದರು. ಅಡುಗೆಮನೆಯ ಮಾತೊಂದು, ಅಕ್ಷರದ ಮಾತೊಂದು, ಎರಡಕ್ಕೂ ಜಗಳವಿರಲಿಲ್ಲ. ಆದುದರಿಂದ ನಮ್ಮ ನಾಡಿನಲ್ಲಿ ಕನ್ನಡವು ಹುಟ್ಟಿನಿಂದ ಬಂದುದಕ್ಕಿಂತ ಹೆಚ್ಚಾಗಿ ಆಯ್ಕೆಯಿಂದ ಬಾಳಿದ ಭಾಷೆ. ಇದು ಅದರ ಹಿರಿಮೆ. ಇದೇ ಅದರ ಅಪಾಯವೂ ಹೌದು. ಆರಿಸಿಕೊಂಡದ್ದನ್ನು ಕೈಬಿಡುವುದೂ ಸುಲಭವಷ್ಟೆ.

೧೯೫೬ರ ನವೆಂಬರ ೧ರಂದು ರಾಜ್ಯಗಳ ಪುನಾರಚನೆಯಾಗಿ ಕಾಸರಗೋಡು ಕೇರಳಕ್ಕೆ ಸೇರಿತು. ೧೯೬೬ರಲ್ಲಿ ನೇಮಕಗೊಂಡ ಮಹಾಜನ ಆಯೋಗವು ಮರುವರ್ಷದ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಸೂಚಿಸಿದುದೂ ಅದು ಕಾರ್ಯಗತವಾಗದೆ ಹೋದುದೂ ವಾಚಕರಿಗೆ ತಿಳಿದದ್ದೇ. ೧೯೮೪ರ ಮೇ ೨೪ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಈ ರಾಜಕೀಯ ಚರಿತ್ರೆಯನ್ನು ಬಲ್ಲವರು ಪೆಟ್ಟಿಗೆಯೊಳಗಿನ ಚರಿತ್ರೆಯನ್ನು ಅಷ್ಟಾಗಿ ಗಮನಿಸಿಲ್ಲ. ಅಜ್ಜನ ಪುಸ್ತಕಕ್ಕೆ ಮುದ್ರೆ ಬಿದ್ದುದು ಮದರಾಸಿನಲ್ಲಿ. ಅಲ್ಲಿ ಕನ್ನಡವು ತಮಿಳು, ತೆಲುಗು, ಮಲೆಯಾಳಗಳೊಡನೆ ಪ್ರಾಂತದ ಭಾಷೆಗಳಲ್ಲೊಂದಾಗಿತ್ತು. ತಂದೆಯ ಪುಸ್ತಕಕ್ಕೆ ಮುದ್ರೆ ಬಿದ್ದುದು ೫೦೦ ಕಿಲೋಮೀಟರಿಗೂ ದೂರದ ತಿರುವನಂತಪುರದಲ್ಲಿ. ಅಲ್ಲಿ ಕನ್ನಡವು ಅಲ್ಪಸಂಖ್ಯಾತರ ಭಾಷೆ. ಶಾಲೆ ಅದೇ, ಬೆಂಚು ಅದೇ, ಪಾಠ ಹೇಳುವ ಗುರುಗಳೂ ಅವರೇ. ಕನ್ನಡದ ಅಂತಸ್ತು ಮಾತ್ರ ಒಂದು ರಾತ್ರಿಯಲ್ಲಿ ಬೇರೆಯಾಯಿತು.

ಅಲ್ಪಸಂಖ್ಯಾತರಿಗೆ ರಕ್ಷಣೆ ಇರಲಿಲ್ಲವೆಂದಲ್ಲ. ೧೯೫೬ರಲ್ಲಿಯೇ ಸಂವಿಧಾನಕ್ಕೆ ಸೇರಿದ ೩೫೦ಎ ವಿಧಿಯು ಮಾತೃಭಾಷೆಯಲ್ಲಿ ಬೋಧನೆಯ ಸೌಕರ್ಯವನ್ನು ಕಲ್ಪಿಸಬೇಕೆಂದು ರಾಜ್ಯಗಳಿಗೆ ವಿಧಿಸುತ್ತದೆ. ಆದರೆ ಅದು ಹೇಳುವುದು ಪ್ರಾಥಮಿಕ ಹಂತದ ಮಾತನ್ನು. ಹೈಸ್ಕೂಲಿನ ಹೊಸ್ತಿಲಲ್ಲಿ ಆ ಕೊಡೆ ಮಡಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ನಮ್ಮನ್ನು ಕಾಯಬೇಕಾದವು ಸರಕಾರಗಳ ನಡುವಣ ಒಪ್ಪಂದಗಳು. ೧೯೪೯ರಲ್ಲಿ ಪ್ರಾಂತಗಳ ವಿದ್ಯಾಮಂತ್ರಿಗಳ ಸಮ್ಮೇಳನವು, ಪ್ರೌಢಶಾಲೆಯ ಒಟ್ಟು ವಿದ್ಯಾರ್ಥಿಗಳಲ್ಲಿ ಮೂರನೆಯ ಒಂದು ಪಾಲು ಕೋರಿದರೆ ಅವರ ಭಾಷೆಯಲ್ಲಿ ಬೋಧನೆಯ ವ್ಯವಸ್ಥೆಯಾಗಬೇಕೆಂದು ನಿರ್ಣಯಿಸಿತು. ೧೯೬೧ರ ಮುಖ್ಯಮಂತ್ರಿಗಳ ಸಮ್ಮೇಳನವು ಇದನ್ನು ಸಡಿಲಿಸಿ, ಕೊನೆಯ ನಾಲ್ಕು ತರಗತಿಗಳಲ್ಲಿ ಒಟ್ಟು ೬೦, ಪ್ರತಿ ತರಗತಿಯಲ್ಲಿ ೧೫ ಮಕ್ಕಳಿದ್ದರೆ ಸಾಕೆಂದಿತು. ಮೊದಲ ನಾಲ್ಕು ವರ್ಷಗಳಿಗೆ ತರಗತಿಗೆ ೧೫ ಮಂದಿಯಾದರೂ ಸಾಕು. ಶಾಲೆ ತೆರೆಯುವುದಕ್ಕೆ ಮುಂಚೆಯೇ ಹೆಸರು ನೋಂದಾಯಿಸಿಕೊಳ್ಳುವ ಪುಸ್ತಕವನ್ನಿಡಬೇಕೆಂಬ ಮಾತೂ ಆ ವರ್ಷಗಳ ಒಪ್ಪಂದಗಳಲ್ಲಿದೆ. ಇವುಗಳ ತಾತ್ಪರ್ಯವೇನು? ಹೈಸ್ಕೂಲಿನಲ್ಲಿ ಕನ್ನಡದ ಹಕ್ಕು ತಲೆಯೆಣಿಕೆಯ ಹಕ್ಕು. ಹದಿನೈದನೆಯ ಮಗುವಿನ ತಂದೆ ಬೇರೆ ಅಂಕಣವನ್ನು ತುಂಬಿದರೆ ಉಳಿದ ಹದಿನಾಲ್ಕು ಮಕ್ಕಳ ಬೆಂಚು ಅಲುಗುತ್ತದೆ.

ಆ ಕಷ್ಟದ ವರ್ಷಗಳಲ್ಲಿ ಬೆಂಚುಗಳು ಬರಿದಾಗದಂತೆ ನೋಡಿಕೊಂಡವರು ಅಧ್ಯಾಪಕರು. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಕಯ್ಯಾರ ಕಿಞ್ಞಣ್ಣ ರೈಗಳು (೧೯೧೫–೨೦೧೫) ಹೋರಾಟದಲ್ಲಿ ಎಷ್ಟು ಮುಂದಿದ್ದರೋ ಪಾಠಪುಸ್ತಕಗಳ ರಚನೆಯಲ್ಲಿಯೂ ಅಷ್ಟೇ ಮುಂದಿದ್ದರು. ಸಭೆಯಲ್ಲಿ ಭಾಷಣ ಮಾಡಿ ಮರುದಿನ ಮಕ್ಕಳಿಗೆ ಛಂದಸ್ಸು ಹೇಳದಿದ್ದರೆ ಭಾಷಣವು ಗಾಳಿಪಾಲಾಗುತ್ತದೆಂಬುದನ್ನು ಆ ತಲೆಮಾರು ಅರಿತಿತ್ತು. ೧೯೫೭ರಲ್ಲಿ ಕಾಸರಗೋಡಿನಲ್ಲಿ ಸರಕಾರಿ ಕಾಲೇಜು ಆರಂಭವಾದುದರಿಂದ ಹೈಸ್ಕೂಲಿನಲ್ಲಿ ಕನ್ನಡ ಓದಿದವರಿಗೆ ಮುಂದಿನ ದಾರಿ ಊರಿನಲ್ಲಿಯೇ ತೆರೆಯಿತು. ಮುಂದೆ ಅಲ್ಲಿ ಕನ್ನಡ ಎಂ.ಎ.ವರೆಗಿನ ವ್ಯಾಸಂಗಕ್ಕೂ ಅವಕಾಶವಾಯಿತು.

ಕೇರಳದ ಶಾಲಾಂತ್ಯ ಪರೀಕ್ಷೆಯ ನಿಯಮಗಳೂ ಕಾಲಕಾಲಕ್ಕೆ ಬದಲಾದವು. ಬಹುಕಾಲ ೬೦೦ಕ್ಕೆ ೨೧೦ ಅಂಕಗಳು ಉತ್ತೀರ್ಣತೆಯ ಗಡಿಯಾಗಿದ್ದವು. ‘ಇನ್ನೂರಹತ್ತು’ ಎಂಬ ಸಂಖ್ಯೆಯನ್ನು ಉಚ್ಚರಿಸುವಾಗ ಇಂದಿಗೂ ನಡುವಯಸ್ಸಿನವರ ಧ್ವನಿ ಸ್ವಲ್ಪ ನಡುಗುತ್ತದೆ. ೨೦೦೫ರಿಂದ ಅಂಕಗಳ ಸ್ಥಾನದಲ್ಲಿ ಶ್ರೇಣಿಗಳು ಬಂದವು. ನೂರಕ್ಕೆ ೯೦ಕ್ಕೆ ಮೇಲ್ಪಟ್ಟರೆ ಎ ಪ್ಲಸ್, ಕನಿಷ್ಠವಾಗಿ ಪ್ರತಿ ವಿಷಯದಲ್ಲಿಯೂ ೩೦ರ ಡಿ ಪ್ಲಸ್. ಹಾಗೆ ಪಡೆದವರ ಪತ್ರದಲ್ಲಿ ‘ಉನ್ನತ ವ್ಯಾಸಂಗಕ್ಕೆ ಅರ್ಹ’ ಎಂಬ ಒಕ್ಕಣೆ ಇರುತ್ತದೆ. ಮದರಾಸಿನ ಹಳೆಯ ಪುಸ್ತಕದ ‘ಅರ್ಹತೆ’ಯೆಂಬ ಮಾತು ಹೀಗೆ ಮೊಮ್ಮಗನ ಹಾಳೆಯಲ್ಲಿ ಮರಳಿ ಬಂದಿದೆ!

ಇಂದಿನ ಎಸ್.ಎಸ್.ಎಲ್.ಸಿ.ಯಲ್ಲಿ ವಿಷಯಗಳು ಹತ್ತು: ಪ್ರಥಮ ಭಾಷೆಯ ಎರಡು ಪತ್ರಿಕೆಗಳು, ಇಂಗ್ಲಿಷು, ಹಿಂದಿ, ಸಮಾಜ ವಿಜ್ಞಾನ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತ, ಮಾಹಿತಿ ತಂತ್ರಜ್ಞಾನ. ಹೆತ್ತವರು ಇಲ್ಲಿ ಎರಡು ಭೇದಗಳನ್ನು ಚೆನ್ನಾಗಿ ತಿಳಿಯಬೇಕು. ಒಂದು, ಕನ್ನಡವನ್ನು ಭಾಷೆಯಾಗಿ ಓದುವುದು ಬೇರೆ, ಕನ್ನಡ ಮಾಧ್ಯಮದಲ್ಲಿ ಓದುವುದು ಬೇರೆ. ಇನ್ನೊಂದು, ಪ್ರಥಮ ಭಾಷೆಯ ಮೊದಲ ಪತ್ರಿಕೆಗೆ ಸಂಸ್ಕೃತ, ಅರಬಿ ಮೊದಲಾದವನ್ನು ಆರಿಸಿಕೊಂಡು ಎರಡನೆಯದಕ್ಕೆ ಮಾತ್ರ ಕನ್ನಡವನ್ನಿಟ್ಟುಕೊಳ್ಳಬಹುದು. ಆ ಭಾಷೆಗಳ ಮೇಲೆ ನಮಗೆ ಅನಾದರವಿಲ್ಲ; ಸಂಸ್ಕೃತದ ಋಣವಂತೂ ಕನ್ನಡ ಅಧ್ಯಾಪಕನ ನಾಲಗೆಯ ಮೇಲೆಯೇ ಇದೆ. ಆದರೆ ಎರಡು ಪತ್ರಿಕೆಗಳಲ್ಲಿ ಒಂದನ್ನು ಬಿಟ್ಟ ಮಗುವಿಗೆ ಕನ್ನಡದ ಓದು ಅರ್ಧವಾಯಿತೆಂಬುದನ್ನು ಅರಿತು ಆರಿಸಬೇಕು.

೨೦೧೭ರಲ್ಲಿ ಶಾಲೆಗಳಲ್ಲಿ ಮಲೆಯಾಳವನ್ನು ಕಡ್ಡಾಯಗೊಳಿಸುವ ಕಾನೂನನ್ನು ಕೇರಳವು ಮಾಡಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದು ಪ್ರತಿಭಟಿಸಿದರು. ಅದು ಅಗತ್ಯವಾಗಿತ್ತು. ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗೆ ಬಂದು, ಮಕ್ಕಳು ಮಿಕಿಮಿಕಿ ನೋಡುತ್ತ ಕುಳಿತ ದೃಶ್ಯವನ್ನು ನಾವು ಶಾಲೆಯೊಂದರಲ್ಲಿ ಕಣ್ಣಾರೆ ಕಂಡಿದ್ದೇವೆ. ಗಣಿತದ ಒಂದು ಪಾಠವನ್ನು ಮಕ್ಕಳು ಸಂಜೆ ನಮ್ಮ ಬಳಿ ಬಂದು ಕನ್ನಡದಲ್ಲಿ ಹೇಳಿಸಿಕೊಂಡರು. ಭಾಷಾಧ್ಯಾಪಕನ ಗಣಿತ ಎಷ್ಟರದೆಂಬುದು ಅಂದು ಅವರಿಗೂ ತಿಳಿಯಿತು, ನಮಗೂ ತಿಳಿಯಿತು! ಅಂತಹ ಅನ್ಯಾಯವನ್ನು ಪ್ರತಿಭಟಿಸದೆ ನಿರ್ವಾಹವಿಲ್ಲ. ಆದರೆ ಪ್ರತಿಭಟನೆಯ ಮೆರವಣಿಗೆಯಲ್ಲಿ ನಡೆದವರ ಮಕ್ಕಳ ಅರ್ಜಿಯಲ್ಲಿ ಕನ್ನಡದ ಅಂಕಣ ಖಾಲಿಯಿದ್ದರೆ ಸರಕಾರಕ್ಕೆ ನಾವು ಏನು ಉತ್ತರ ಕೊಡೋಣ?

ಹೆತ್ತವರ ಭಯ ನಿರಾಧಾರವೆಂದು ನಾವು ಹೇಳಲಾರೆವು. ೧೯೯೦ರ ದಶಕದಲ್ಲಿ ಹೈಯರ್ ಸೆಕೆಂಡರಿ ವ್ಯವಸ್ಥೆ ಬೆಳೆದು ಕಾಲೇಜಿನ ಪ್ರಿಡಿಗ್ರಿಯ ಸ್ಥಾನವನ್ನು ಪಡೆದ ಮೇಲೆ, ಹತ್ತನೆಯ ತರಗತಿಯ ಬಳಿಕ ವಿಜ್ಞಾನವೋ ವಾಣಿಜ್ಯವೋ ಮಾನವಿಕವೋ ಎಂಬ ಆಯ್ಕೆಯೂ ಶಾಲೆಯಂಗಳದಲ್ಲಿಯೇ ನಡೆಯುತ್ತದೆ. ಅಲ್ಲಿ ವಿಷಯಗಳ ಪುಸ್ತಕಗಳು ಇಂಗ್ಲಿಷಿನವು. ಕನ್ನಡ ಮಾಧ್ಯಮದ ಮಗು ಮೊದಲ ಕೆಲವು ತಿಂಗಳು ಒದ್ದಾಡುತ್ತದೆ. ಉದ್ಯೋಗಕ್ಕೆ ಮಲೆಯಾಳವೂ ಬೇಕು. ಇವೆಲ್ಲ ನಿಜ. ಹಾಗಾದರೆ ಹತ್ತನೆಯ ತರಗತಿಯ ರಜೆಯಲ್ಲಿ ಇಂಗ್ಲಿಷ್ ಪರಿಭಾಷೆಯ ಅಭ್ಯಾಸವನ್ನು ಮಾಡಿಸೋಣ. ಮಲೆಯಾಳವನ್ನು ನೆರೆಮನೆಯ ಭಾಷೆಯಾಗಿ ಪ್ರೀತಿಯಿಂದ ಕಲಿಸೋಣ. ಆ ಕೊರತೆಗಳಿಗೆ ಪರಿಹಾರವುಂಟು. ಒಮ್ಮೆ ಮುಚ್ಚಿದ ಕನ್ನಡ ವಿಭಾಗಕ್ಕೆ ಪರಿಹಾರವಿಲ್ಲ. ಇನ್ನೊಂದೆಡೆ ಕರ್ನಾಟಕದ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶವಿದೆ. ಅದಕ್ಕೂ ಕನ್ನಡದ ಪರೀಕ್ಷೆಯೊಂದನ್ನು ದಾಟಬೇಕು. ಕನ್ನಡವನ್ನು ಬಿಟ್ಟವರು ಆ ಬಾಗಿಲನ್ನೂ ತಾವೇ ಮುಚ್ಚಿಕೊಂಡಂತೆ.

ನಮ್ಮ ಸಂಘದ ಮುಂದೆ ಒಂದು ಸಣ್ಣ ಸೂಚನೆಯನ್ನಿಡುತ್ತೇವೆ. ಉತ್ಸವಗಳು ನಡೆಯಲಿ, ಯಕ್ಷಗಾನವೂ ನಡೆಯಲಿ. ಅದರ ಜೊತೆಗೆ ವರ್ಷವರ್ಷವೂ ಮಾರ್ಚ್ ತಿಂಗಳಲ್ಲಿ ಪ್ರತಿ ಊರಿನಲ್ಲಿ ಮುಂದಿನ ಜೂನಿಗೆ ಹೈಸ್ಕೂಲು ಸೇರುವ ಮಕ್ಕಳ ಪಟ್ಟಿಯೊಂದನ್ನು ಸಂಘದವರು ತಯಾರಿಸಲಿ. ಮನೆಮನೆಗೆ ಹೋಗಿ ಅಂಕಣಗಳ ಅರ್ಥವನ್ನು ತಿಳಿಸಲಿ. ಒತ್ತಾಯ ಬೇಡ, ತಿಳಿವು ಸಾಕು.

ಆ ತಗಡಿನ ಪೆಟ್ಟಿಗೆಯಲ್ಲಿ ಇನ್ನೂ ಸ್ಥಳವಿತ್ತು. ನಾಲ್ಕನೆಯ ತಲೆಮಾರಿನ ಹಾಳೆಯೊಂದು ಮುಂದೆ ಅದರೊಳಗೆ ಸೇರುವುದು. ಅದರ ಮೇಲೆ ಯಾವ ಸರಕಾರದ ಮುದ್ರೆಯಿರುವುದೋ, ಅಂಕವಿರುವುದೋ ಶ್ರೇಣಿಯಿರುವುದೋ, ಅದು ನಮ್ಮ ಕೈಯಲ್ಲಿಲ್ಲ. ಭಾಷೆಯ ಅಂಕಣದಲ್ಲಿ ಏನಿರಬೇಕೆಂಬುದು ಮಾತ್ರ ಇಂದಿಗೂ ನಮ್ಮ ಕೈಯಲ್ಲಿದೆ.