ಹದಿನೆಂಟು ತುಂಬಿದರೆ ಮನೆಗೆ ಬರುವ ದುಡ್ಡು ಏನಾಗುತ್ತದೆ?

"ಭಾಗ್ಯಲಕ್ಷ್ಮಿ ಬಾಂಡ್ ದುಡ್ಡು ಬಂತಾ?" ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಈಗ ಇದೇ ಮಾತು. 2006ರಲ್ಲಿ ಹುಟ್ಟಿ ಆ ಯೋಜನೆಗೆ ಸೇರಿದ ಮೊದಲ ತಂಡದ ಮಕ್ಕಳಿಗೆ 2024ರಲ್ಲಿ 18 ತುಂಬಿತು. ವರ್ಷ ವರ್ಷವೂ ಹಿಂದಿನವರು ಬರುತ್ತಿದ್ದಾರೆ. ಆದರೆ 18 ತುಂಬಿದಾಗ ಕೆಲವು ದುಡ್ಡು ಬರುತ್ತದೆ, ಕೆಲವು ನಿಲ್ಲುತ್ತದೆ, ಕೆಲವು ಮುಂದುವರಿಯುತ್ತದೆ. ಯಾವುದು ಯಾವುದು ಎಂದು ತಿಳಿಯಬೇಕಾದರೆ ಈ ವಯಸ್ಸಿನ ಗೆರೆಗಳು ಎಲ್ಲಿಂದ ಬಂದವು ಎಂದು ನಾವು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ಗೆರೆ ಎಳೆದಿದ್ದು 1875ರಲ್ಲಿ

ಬ್ರಿಟಿಷರ ಕಾಲದಲ್ಲಿ 1875ರಲ್ಲಿ ಪ್ರಾಪ್ತ ವಯಸ್ಸಿನ ಕಾಯ್ದೆ ಬಂತು. ಕರಾರು, ಆಸ್ತಿ ವ್ಯವಹಾರಕ್ಕೆ 18 ಎಂದು ಗೊತ್ತು ಮಾಡಿದರು. ಕೋರ್ಟು ಪಾಲಕರನ್ನು ನೇಮಿಸಿದ್ದ ಮಕ್ಕಳಿಗೆ ಮಾತ್ರ 21. ಈ ಎರಡನೆಯ ಗೆರೆ 1999ರಲ್ಲಿ ಹೋಯಿತು. ಮದುವೆ, ದತ್ತು ವಿಷಯವನ್ನು ಆ ಕಾಯ್ದೆ ಮುಟ್ಟಲಿಲ್ಲ.

ಮದುವೆಯ ಗೆರೆ ಬೇರೆಯೇ ದಾರಿಯಲ್ಲಿ ಬಂತು. ನಮ್ಮ ಮೈಸೂರು ಸಂಸ್ಥಾನ 1894ರಲ್ಲೇ ಶಿಶು ವಿವಾಹ ತಡೆ ಕಾನೂನು ತಂದಿತ್ತು. ಆದರೆ ಅದು ತಡೆದದ್ದು 8 ವರ್ಷದೊಳಗಿನ ಹುಡುಗಿಯರ ಮದುವೆಯನ್ನು! 1929ರ ಶಾರದಾ ಕಾಯ್ದೆ ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ಹುಡುಗಿಗೆ 14 ಎಂದಿತು. 1949ರಲ್ಲಿ ಅದು 15 ಆಯಿತು. 1978ರಲ್ಲಿ 18ಕ್ಕೆ ಬಂತು. ಓಟಿನ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ.

ಬಾಂಡಿನ ಕಥೆ

ಭಾಗ್ಯಲಕ್ಷ್ಮಿ ಯೋಜನೆ 2006-07ರಲ್ಲಿ ಶುರುವಾಯಿತು. 2006ರ ಮಾರ್ಚ್ 31ರ ನಂತರ ಬಿಪಿಎಲ್ ಕುಟುಂಬದಲ್ಲಿ ಹುಟ್ಟಿದ ಹೆಣ್ಣುಮಗುವಿನ ಹೆಸರಲ್ಲಿ ಸರ್ಕಾರ ಎಲ್‌ಐಸಿಯಲ್ಲಿ 10,000 ರೂಪಾಯಿ ಇಟ್ಟಿತು. ಒಂದು ಮನೆಗೆ ಇಬ್ಬರು ಹೆಣ್ಣುಮಕ್ಕಳಿಗೆ ಮಾತ್ರ. 2008ರ ಆಗಸ್ಟ್‌ನಿಂದ ಠೇವಣಿ ಹೆಚ್ಚಿಸಿ, ಮೊದಲ ಮಗುವಿಗೆ 19,300, ಎರಡನೆಯದಕ್ಕೆ 18,350 ಮಾಡಿದರು. 18 ತುಂಬಿದಾಗ ಒಂದು ಲಕ್ಷ ಸಿಗಬೇಕು ಎಂಬ ಲೆಕ್ಕ ಅದು.

ಅದಕ್ಕೇ ಅಕ್ಕನಿಗೆ ಕಡಿಮೆ, ತಂಗಿಗೆ ಜಾಸ್ತಿ ಬಂತು ಎಂದು ಕೆಲವು ಮನೆಗಳಲ್ಲಿ ಗೊಂದಲ. ಮೊದಲ ಎರಡು ವರ್ಷ ಹುಟ್ಟಿದವರ ಬಾಂಡ್ ಮೊತ್ತವೇ ಕಡಿಮೆ. ಯಾರೋ ಮಧ್ಯೆ ತಿಂದರು ಅನ್ನುವ ಮುಂಚೆ ಹುಟ್ಟಿದ ದಿನಾಂಕ ನೋಡಿ.

ಈ ದುಡ್ಡಿಗೆ ಷರತ್ತುಗಳಿವೆ. ಮಗು ಕನಿಷ್ಠ 8ನೇ ತರಗತಿ ಓದಿರಬೇಕು, ಬಾಲಕಾರ್ಮಿಕ ಆಗಿರಬಾರದು, 18ಕ್ಕೆ ಮುಂಚೆ ಮದುವೆ ಆಗಿರಬಾರದು. 1894ರ 8ರಿಂದ ಇಲ್ಲಿಗೆ ಬರಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಮದುವೆ ನಿಲ್ಲಿಸಲು ಬರೀ ಕಾನೂನು ಸಾಲದು, ಕಾದವರ ಕೈಗೆ ಏನಾದರೂ ಸಿಗಬೇಕು ಎಂಬ ಯೋಚನೆ ಇದರ ಹಿಂದಿದೆ.

2020-21ರಿಂದ ಹೊಸ ಮಕ್ಕಳಿಗೆ ಎಲ್‌ಐಸಿ ಬಾಂಡ್ ಇಲ್ಲ. ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಗೆ ಸರ್ಕಾರ ವರ್ಷಕ್ಕೆ 3,000ದಂತೆ 15 ವರ್ಷ ಕಟ್ಟುತ್ತದೆ. ಆ ಖಾತೆ ಮುಗಿಯುವುದು 21 ವರ್ಷಕ್ಕೆ. ಹಾಗಾಗಿ ಒಂದೇ ಮನೆಯ ದೊಡ್ಡವಳಿಗೆ 18ರ ಲೆಕ್ಕ, ಚಿಕ್ಕವಳಿಗೆ 21ರ ಲೆಕ್ಕ ಇರಬಹುದು.

ನಿಲ್ಲುವುದು, ನಿಲ್ಲದಿರುವುದು

ತಂದೆ ಇಲ್ಲದ, ಕಷ್ಟದಲ್ಲಿರುವ ಮಕ್ಕಳಿಗೆ ಮಿಷನ್ ವಾತ್ಸಲ್ಯದಲ್ಲಿ ಸಿಗುವ ತಿಂಗಳ 4,000 ರೂಪಾಯಿ 18ಕ್ಕೆ ನಿಲ್ಲುತ್ತದೆ. ಪಿಯುಸಿ ಮುಗಿಸಿ ಡಿಗ್ರಿಗೆ ಫೀಸು ಕಟ್ಟುವ ಹೊತ್ತಿಗೇ ಅದು ನಿಲ್ಲುವುದು ದೊಡ್ಡ ಹೊಡೆತ. ಮಕ್ಕಳ ಪಾಲನಾ ಸಂಸ್ಥೆಯಿಂದ ಹೊರಬರುವವರಿಗೆ ಮಾತ್ರ ಬಾಲನ್ಯಾಯ ಕಾನೂನಿನಲ್ಲಿ 21ರವರೆಗೆ ನೆರವಿಗೆ ಅವಕಾಶವಿದೆ.

ಪಿಎಫ್ ಪಿಂಚಣಿ ಹಾಗಲ್ಲ. 1995ರ ಯೋಜನೆಯಂತೆ, ಪಿಎಫ್ ಕಟ್ಟುತ್ತಿದ್ದ ಕಾರ್ಮಿಕ ತೀರಿಕೊಂಡರೆ ಹೆಂಡತಿಯ ಪಿಂಚಣಿ ಜೊತೆಗೆ ಮಕ್ಕಳಿಗೂ ಪಿಂಚಣಿ ಇದೆ. ಅದು 25 ವರ್ಷದವರೆಗೆ, ಒಮ್ಮೆಗೆ ಇಬ್ಬರು ಮಕ್ಕಳಿಗೆ. ಮೊತ್ತ ಸಣ್ಣದು, ಕನಿಷ್ಠ ತಿಂಗಳಿಗೆ 250. ತಂದೆ ತಾಯಿ ಇಬ್ಬರೂ ಇಲ್ಲದಿದ್ದರೆ ಕನಿಷ್ಠ 750. ದುಡಿಯಲಾಗದಷ್ಟು ಅಂಗವೈಕಲ್ಯ ಇದ್ದರೆ ವಯಸ್ಸಿನ ಮಿತಿಯೇ ಇಲ್ಲ. ಗಾರ್ಮೆಂಟ್ಸ್, ಕಾರ್ಖಾನೆಗಳಲ್ಲಿ ದುಡಿದವರ ಮನೆಯವರು "ಮಗನಿಗೆ 18 ಆಯ್ತಲ್ಲ, ಇನ್ನೇನು ಸಿಗಲ್ಲ" ಎಂದು ಅರ್ಜಿಯನ್ನೇ ಹಾಕದೆ ಬಿಟ್ಟರೆ ಏಳು ವರ್ಷದ ದುಡ್ಡು ಹೋದಂತೆ.

ಸಹಿ ಯಾರದು?

1875ರ ಗೆರೆ ಇಂದಿಗೂ ಬ್ಯಾಂಕಿನ ಕೌಂಟರಿನಲ್ಲಿ ಕೆಲಸ ಮಾಡುತ್ತಿದೆ. 18 ತುಂಬಿದ ಮೇಲೆ ಮಗಳ ಖಾತೆಗೆ ಅಪ್ಪನ ಸಹಿ ನಡೆಯುವುದಿಲ್ಲ. ಆಧಾರ್, ಫೋಟೊ ಕೊಟ್ಟು ಖಾತೆಯನ್ನು ಅವಳ ಸಹಿಗೆ ಬದಲಿಸಬೇಕು. ಇದನ್ನು ಮೊದಲೇ ಮಾಡಿಸಿ. ಆಮೇಲೆ ಬಾಂಡ್, ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಪಾಸ್‌ಬುಕ್ ಹಿಡಿದು ಅಂಗನವಾಡಿ ಟೀಚರ್ ಹತ್ತಿರವೋ ತಾಲ್ಲೂಕಿನ ಸಿಡಿಪಿಒ ಕಚೇರಿಗೋ ಹೋಗಿ. ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ. ದುಡ್ಡು ಅವಳದು, ಅದನ್ನು ಓದಿಗೆ ಇಡಬೇಕೋ ಬೇರೆಯದಕ್ಕೋ ಎಂಬ ಮಾತಿನಲ್ಲಿ ಅವಳೂ ಇರಲಿ.