ಆಲಸ್ಯವೆಂದರೇನು? ಶರಣರ ಕಾಯಕ ಜೀವನದ ಬೆಳಕಿನಲ್ಲಿ

ದುಡಿಯದೆ ಕುಳಿತವನನ್ನು ಲೋಕವು ಸೋಮಾರಿಯೆಂದು ಕರೆಯುತ್ತದೆ. 12ನೆಯ ಶತಮಾನದ ಶರಣರು ಈ ವಿಚಾರವನ್ನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೈ ಸುಮ್ಮನಿದ್ದರೆ ಮಾತ್ರ ಆಲಸ್ಯವೇ? ಕೈ ದುಡಿಯುತ್ತಿದ್ದು ಅರಿವು ಮಲಗಿದ್ದರೆ ಅದಕ್ಕೆ ಏನೆನ್ನಬೇಕು? ಶರಣರ ಚರಿತ್ರೆಯಲ್ಲಿ ಈ ಪ್ರಶ್ನೆಗಳಿಗೆ ಉತ್ತರ ದೊರೆಯುತ್ತದೆ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಇಂದಿನ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದು ಅವರ ಕಾಯಕ. 15ನೆಯ ಶತಮಾನದಲ್ಲಿ ರೂಪುಗೊಂಡ ಶೂನ್ಯಸಂಪಾದನೆಯಲ್ಲಿ ಅವರ ಪ್ರಸಂಗವೊಂದಿದೆ. ಮಾರಯ್ಯನವರು ಅಲ್ಲಮಪ್ರಭುಗಳೊಡನೆ ಅನುಭಾವದ ಮಾತಿನಲ್ಲಿ ಮೈಮರೆತಿರುವಾಗ ಕಾಯಕದ ಹೊತ್ತು ಮೀರುತ್ತದೆ. ಆಗ ಲಕ್ಕಮ್ಮನವರು ಪತಿಯನ್ನು ಎಚ್ಚರಿಸುತ್ತಾರೆ.

ಮಾರಯ್ಯನವರು ಅಲ್ಲಿ ನಿದ್ರಿಸುತ್ತಿರಲಿಲ್ಲ, ಹರಟೆಯಲ್ಲಿಯೂ ತೊಡಗಿರಲಿಲ್ಲ. ಪ್ರಭುದೇವರ ಮಾತನ್ನು ಆಲಿಸುವುದಕ್ಕಿಂತ ಹಿರಿದಾದುದು ಯಾವುದು? ಆದರೂ ಲಕ್ಕಮ್ಮನವರು ಸುಮ್ಮನಿರಲಿಲ್ಲ. ಏಕೆಂದರೆ ಆ ಅಕ್ಕಿ ಅವರ ಹೊಟ್ಟೆಗೆ ಮಾತ್ರ ಮೀಸಲಾದುದಲ್ಲ. ಕಾಯಕ ನಿಂತರೆ ದಾಸೋಹವೂ ನಿಲ್ಲುತ್ತದೆ. ಇಲ್ಲಿ ಆಲಸ್ಯದ ಅಳತೆಗೋಲು ಬೇರೆಯೇ ಆಗಿದೆ. ತಾನು ಎಷ್ಟು ಹೊತ್ತು ಸುಮ್ಮನಿದ್ದೆ ಎಂಬುದಕ್ಕಿಂತ, ತನ್ನಿಂದ ಯಾರು ಉಪವಾಸವಿದ್ದರು ಎಂಬುದೇ ಮುಖ್ಯವಾಗುತ್ತದೆ.

ಮತ್ತೊಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅದೇ ಲಕ್ಕಮ್ಮನವರು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ನಾಳೆಯ ಅಕ್ಕಿಯನ್ನು ಇಂದೇ ಕೂಡಿಟ್ಟರೆ ನಾಳೆಯ ಕಾಯಕಕ್ಕೆ ಎಡೆಯೆಲ್ಲಿ? ಹೀಗೆ ನೋಡಿದರೆ ಆಸೆಯೂ ಆಲಸ್ಯವೂ ಒಂದೇ ಬಳ್ಳಿಯ ಕಾಯಿಗಳು.

ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದುದರಿಂದ ದಾಸೋಹ ನಡೆಸಿದವರು. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ಬಿದ್ದರೂ ಅವರು ಕಾಯಕವನ್ನು ಬಿಡಲಿಲ್ಲವೆಂದು ಪರಂಪರೆ ಹೇಳುತ್ತದೆ. ಅವರ ನಿಲುವಿನಲ್ಲಿ ಗುರು, ಲಿಂಗ, ಜಂಗಮಗಳಿಗೂ ಕಾಯಕದಿಂದ ವಿನಾಯಿತಿಯಿಲ್ಲ. ಲಾಂಛನ ಧರಿಸಿದ ಮಾತ್ರಕ್ಕೆ ಪರರ ದುಡಿಮೆಯಲ್ಲಿ ಉಣ್ಣುವ ಹಕ್ಕು ಬರುವುದಿಲ್ಲ. ಈ ಮಾತು ಭಕ್ತರಿಗೆ ಎಷ್ಟು ಸಲ್ಲುತ್ತದೆಯೋ ಮಠಗಳಿಗೂ ಅಷ್ಟೇ ಸಲ್ಲುತ್ತದೆ.

ಹಾಗಾದರೆ ಬಿಡುವಿಲ್ಲದೆ ದುಡಿದವನೆಲ್ಲ ಆಲಸ್ಯವನ್ನು ಗೆದ್ದನೇ? ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮರ ಚರಿತ್ರೆ ಬೇರೆ ಪಾಠ ಹೇಳುತ್ತದೆ. ಕೆರೆ ಕಟ್ಟಿಸಿ, ಗುಡಿ ನಿರ್ಮಿಸಿ ಲೋಕೋಪಕಾರದಲ್ಲಿ ಮುಳುಗಿದ್ದವರು ಅವರು. ಅಲ್ಲಿಗೆ ಬಂದ ಅಲ್ಲಮಪ್ರಭುಗಳು ಹೊಗಳಲಿಲ್ಲ, ಕಟುವಾಗಿ ಮಾತನಾಡಿಸಿದರು. ಹೊರಗೆ ಕೆರೆ ತುಂಬುತ್ತಿದ್ದರೂ ಒಳಗಿನ ಅರಿವು ಇನ್ನೂ ಎಚ್ಚರಗೊಂಡಿರಲಿಲ್ಲವೆಂಬುದು ಪ್ರಭುಗಳ ಆಕ್ಷೇಪ. ಬಳಿಕ ಸಿದ್ಧರಾಮರು ಕಲ್ಯಾಣಕ್ಕೆ ಬಂದು ಚೆನ್ನಬಸವಣ್ಣನವರಿಂದ ಲಿಂಗದೀಕ್ಷೆ ಪಡೆದರು. ಕೆರೆಯ ಕೆಲಸ ಕೀಳೆಂದು ಪ್ರಭುಗಳ ಅಭಿಪ್ರಾಯವಲ್ಲ. ‘ನಾನು ಮಾಡಿದೆ’ ಎಂಬ ಭಾವವಿರುವವರೆಗೆ ದುಡಿಮೆಯು ಕಾಯಕವಾಗದು ಎಂಬುದೇ ಅದರ ತಾತ್ಪರ್ಯ.

ಆದುದರಿಂದ ಪೂಜೆಗೆ ಕುಳಿತ ಗಳಿಗೆಯನ್ನು ಆಲಸ್ಯವೆನ್ನಲಾಗದು. ಅಂತೆಯೇ ದಿನವಿಡೀ ಓಡಾಡಿದ್ದನ್ನೆಲ್ಲ ಕಾಯಕವೆನ್ನಲೂ ಆಗದು. ಮುಪ್ಪಿನಿಂದ, ರೋಗದಿಂದ ಕೈಸೋತವರನ್ನು, ದುಡಿಯುವ ಮನಸ್ಸಿದ್ದೂ ಕೆಲಸ ದೊರೆಯದವರನ್ನು ಸೋಮಾರಿಗಳೆಂದು ಹಳಿಯುವುದು ಶರಣರ ದಾರಿಯಲ್ಲ. ಕಾಯಕ ತತ್ವವು ಪರರನ್ನು ಹೊಡೆಯುವ ಕೋಲಲ್ಲ. ಅಂಥವರಿಗಾಗಿಯೇ ದಾಸೋಹವಿದೆ. ಲಕ್ಕಮ್ಮನವರು ಎಚ್ಚರಿಸಿದ್ದು ನೆರೆಮನೆಯವರನ್ನಲ್ಲ, ತಮ್ಮದೇ ಮನೆಯ ಒಡೆಯನನ್ನು.

ಪ್ರತಿದಿನ ಲಿಂಗಪೂಜೆಯ ಬಳಿಕ ಭಕ್ತನು ತನಗೆ ತಾನೇ ಒಂದು ಮಾತು ಕೇಳಿಕೊಳ್ಳಬಹುದು: ನಿನ್ನೆ ನನ್ನ ಕೈಯಿಂದ ಯಾರ ಹಸಿವು ತಣಿಯಿತು? ಈ ಪ್ರಶ್ನೆ ಮರೆತ ದಿನ, ಕೈ ಎಷ್ಟೇ ದುಡಿದಿದ್ದರೂ, ಆ ದಿನ ಆಲಸ್ಯದಲ್ಲಿಯೇ ಕಳೆಯಿತೆಂದು ತಿಳಿಯಬೇಕು.